ಮಕ್ಕಳ ಕ್ಯಾನ್ಸರ್ ನಿಧಿ: ಸ್ವಯಂಸೇವಕರು ತಿಳಿದಿರಬೇಕಾದ ಸಂಗತಿಗಳು



ಫೆಬ್ರವರಿ 15 ಅಂತರರಾಷ್ಟ್ರೀಯ ಮಕ್ಕಳ ಕ್ಯಾನ್ಸರ್ ದಿನ. ಸೆಪ್ಟೆಂಬರ್ ಇದರ ಜಾಗೃತಿ ಮಾಸ. ಬಂಗಾರದ ಬಣ್ಣದ ರಿಬ್ಬನ್ ಇದರ ಗುರುತು. ಜತ್ತ ತಾಲೂಕಿನ ಊರುಗಳಲ್ಲಿ ನಿಧಿ ಕೂಡಿಸಲು ಮುಂದೆ ಬರುವವರಿಗಾಗಿ ಈ ಮಾಹಿತಿ ಕೊಡುತ್ತಿದ್ದೇವೆ.

ಏಕೆ ಬೇಕು?

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಮಕ್ಕಳು ಮತ್ತು ಹದಿಹರೆಯದವರಿಗೆ ಕ್ಯಾನ್ಸರ್ ಬರುತ್ತದೆ. ಶ್ರೀಮಂತ ದೇಶಗಳಲ್ಲಿ ಶೇ. 80ಕ್ಕೂ ಹೆಚ್ಚು ಮಕ್ಕಳು ಗುಣವಾಗುತ್ತಾರೆ. ಬಡ ಮತ್ತು ಮಧ್ಯಮ ಆದಾಯದ ಅನೇಕ ದೇಶಗಳಲ್ಲಿ ಈ ಪ್ರಮಾಣ ಶೇ. 30ಕ್ಕಿಂತ ಕಡಿಮೆ. 2030ರೊಳಗೆ ಎಲ್ಲೆಡೆ ಕನಿಷ್ಠ ಶೇ. 60 ಮಕ್ಕಳು ಉಳಿಯಬೇಕೆಂಬ ಗುರಿಯನ್ನು ಸಂಸ್ಥೆ 2018ರಲ್ಲಿ ಹಾಕಿಕೊಂಡಿದೆ.

ಸಂಶೋಧನೆಗೆ ಜನರ ಕಾಸು ಕೆಲಸಕ್ಕೆ ಬಂದ ಉದಾಹರಣೆ ಹಳೆಯದು. 1948ರಲ್ಲಿ ಬಾಸ್ಟನ್ನಿನ ಡಾ. ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಅಮಿನೋಪ್ಟೆರಿನ್ ಕೊಟ್ಟಾಗ ಕೆಲವರಲ್ಲಿ ರೋಗ ತಾತ್ಕಾಲಿಕವಾಗಿ ಹಿಮ್ಮೆಟ್ಟಿದ್ದನ್ನು ವರದಿ ಮಾಡಿದರು. ಆ ಔಷಧವನ್ನು ತಯಾರಿಸಿದ್ದು ನಮ್ಮ ನೆರೆಯ ತೆಲುಗು ನಾಡಿನ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ. ಅದೇ ವರ್ಷ ಅಮೆರಿಕದಲ್ಲಿ ‘ಜಿಮ್ಮಿ ಫಂಡ್’ ಎಂಬ ಜನನಿಧಿ ಆರಂಭವಾಯಿತು. ಅದೇ ಜಾತಿಯ ಮೆಥೊಟ್ರೆಕ್ಸೇಟ್ ಇಂದಿಗೂ ಮಕ್ಕಳ ಚಿಕಿತ್ಸೆಯಲ್ಲಿದೆ.

ನಮ್ಮ ತಪ್ಪು

ಕೆಲವು ವರ್ಷಗಳ ಹಿಂದೆ ತಾಲೂಕಿನ ಪೂರ್ವಭಾಗದ ಒಂದು ಕುಟುಂಬ ಮಗುವಿನ ಚಿಕಿತ್ಸೆ ಅರ್ಧಕ್ಕೆ ಬಿಟ್ಟು ಮುಂಬೈಯಿಂದ ಊರಿಗೆ ಮರಳಿತು. ಔಷಧಕ್ಕೆ ಸರಕಾರಿ ಯೋಜನೆ ಇತ್ತು. ಉಳಿಯುವ ಕೋಣೆ, ಊಟ ಹಾಗೂ ತಪ್ಪಿದ ಕೂಲಿಯ ಭಾರವನ್ನು ಅವರಿಗೆ ತಾಳಲಾಗಲಿಲ್ಲ. ಆಗ ನಾವು ಕೂಡಿಸಿದ್ದ ಹಣ ಕಪಾಟಿನಲ್ಲೇ ಇತ್ತು. ಯಾರಿಗೆ ಕೊಡಬೇಕೆಂಬ ಠರಾವು ಆಗಿರಲಿಲ್ಲ. ಠರಾವು ಆಗುವಷ್ಟರಲ್ಲಿ ಮಗು ಉಳಿಯಲಿಲ್ಲ. ಆದ್ದರಿಂದ ಮೊದಲು ಠರಾವು, ಆಮೇಲೆ ಡಬ್ಬಿ.

ಹಣ ಎಲ್ಲಿಗೆ?

• ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆ: 1941ರಿಂದ ಇದೆ. ಚಿಕಿತ್ಸೆಯ ಜೊತೆಗೆ ಸಂಶೋಧನೆಯೂ ನಡೆಯುತ್ತದೆ. ಮಕ್ಕಳ ವಿಭಾಗಕ್ಕೆ ‘ಇಂಪ್ಯಾಕ್ಟ್’ ಪ್ರತಿಷ್ಠಾನ ನೆರವಾಗುತ್ತದೆ.
• ಸೇಂಟ್ ಜೂಡ್ ಇಂಡಿಯಾ ಚೈಲ್ಡ್‌ಕೇರ್ ಸೆಂಟರ್ಸ್: 2006ರಲ್ಲಿ ಮುಂಬೈಯಲ್ಲಿ ಆರಂಭ. ಹೊರಊರಿನ ಮಕ್ಕಳಿಗೂ ತಂದೆತಾಯಿಗೂ ಉಚಿತ ವಸತಿ.
• ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ: 1973ರಿಂದ. ಕನ್ನಡದಲ್ಲೇ ವ್ಯವಹರಿಸಬಹುದು.

ಹಣ ಸಂಶೋಧನೆಗೋ, ಚಿಕಿತ್ಸೆಗೋ, ವಸತಿಗೋ ಎಂಬುದನ್ನು ದಾನಿಗೆ ಮೊದಲೇ ಹೇಳಬೇಕು.

ಪಾಲಿಸಬೇಕಾದ ನಿಯಮಗಳು

1. ಕ್ರಮಸಂಖ್ಯೆಯ ಪಾವತಿ ಪುಸ್ತಕವಿಲ್ಲದೆ ಒಂದು ರೂಪಾಯಿಯನ್ನೂ ಪಡೆಯಬಾರದು.
2. ಮೊಹರು ಹಾಕಿದ ಡಬ್ಬಿಯನ್ನು ಇಬ್ಬರ ಎದುರು ತೆರೆದು, ಎಣಿಸಿ, ಸಹಿ ಮಾಡಿ, ಮುಂದಿನ ಕೆಲಸದ ದಿನವೇ ಬ್ಯಾಂಕಿಗೆ ಕಟ್ಟಬೇಕು.
3. ₹2,000ಕ್ಕೂ ಮೇಲಿನ ನಗದು ದಾನಕ್ಕೆ ಆದಾಯ ತೆರಿಗೆ ರಿಯಾಯಿತಿ ಸಿಗದು. ಅಂಥವರು ಸಂಸ್ಥೆಗೇ ನೇರವಾಗಿ ಚೆಕ್ ಕೊಡಲಿ.
4. ತಂದೆತಾಯಿಯ ಒಪ್ಪಿಗೆ ಇಲ್ಲದೆ ಮಗುವಿನ ಹೆಸರು, ಫೋಟೊ ಬಳಸಬಾರದು.
5. ಗುಡ್ಡಾಪುರದ ದಾನಮ್ಮದೇವಿ ಜಾತ್ರೆಯಲ್ಲಿ ಡಬ್ಬಿ ಇಡಲು ದೇವಸ್ಥಾನದ ಲಿಖಿತ ಅನುಮತಿ ಬೇಕು.

ಹಣ ಕೊಡಲಾಗದವರೂ ನೆರವಾಗಬಹುದು. ರಕ್ತದ ಕ್ಯಾನ್ಸರಿನ ಒಂದು ಸಾಮಾನ್ಯ ಬಗೆಗೆ ಎರಡು ವರ್ಷಕ್ಕೂ ಮೇಲ್ಪಟ್ಟ ಚಿಕಿತ್ಸೆ ಬೇಕು. ಅಷ್ಟು ದಿನ ಮರಾಠಿ, ಹಿಂದಿ ಕಾಗದಗಳನ್ನು ಕನ್ನಡದಲ್ಲಿ ಓದಿ ಹೇಳುವವರು, ಮಿರಜದಲ್ಲಿ ರೈಲು ಹತ್ತಿಸುವವರು ಬೇಕಾಗುತ್ತಾರೆ. ಆಸಕ್ತರು ಸಂಘದ ಕಚೇರಿಯಲ್ಲಿ ಹೆಸರು ಬರೆಸಬೇಕೆಂದು ವಿನಂತಿ.

— ಕಾರ್ಯದರ್ಶಿ