ಬೋಧನಾಪೀಠದಿಂದ ಹೊರಟ ಮಾನವತಾವಾದ

ಧಾರ್ಮಿಕ ಮಾನವತಾವಾದವು ಧರ್ಮದ್ವೇಷಿಗಳ ಕೂಟದಲ್ಲಿ ಜನಿಸಿತೆಂದು ನೀವು ಭಾವಿಸಿರಬಹುದು. ಚರಿತ್ರೆ ಹೇಳುವುದೇ ಬೇರೆ. ಅದು ಸಂಘಟಿತ ಚಳವಳಿಯಾಗಿ ರೂಪುಗೊಂಡದ್ದು ಅಮೆರಿಕದ ಬೋಧನಾಪೀಠಗಳಲ್ಲಿ.

ಪಿಟ್ಸ್‌ಬರ್ಗಿನ ರಿಫಾರ್ಮ್ಡ್ ಸಭೆಯ ಬೋಧಕ ಜಾನ್ ಡೀಟ್ರಿಕ್ 1911ರಲ್ಲಿ ಪಾಷಂಡವಾದದ ಆರೋಪಕ್ಕೆ ಗುರಿಯಾಗಿ ಹೊರಬಂದು ಯೂನಿಟೇರಿಯನ್ನರನ್ನು ಸೇರಿದರು. 1916ರಲ್ಲಿ ಮಿನಿಯಾಪೊಲಿಸ್ ಸಭೆಯ ಹೊಣೆ ಹೊತ್ತರು. ಮೊದಲು ಬ್ಯಾಪ್ಟಿಸ್ಟ್ ಬೋಧಕರಾಗಿದ್ದ ಕರ್ಟಿಸ್ ರೀಸ್ ಕೂಡ ಯೂನಿಟೇರಿಯನ್ನರಾಗಿದ್ದರು. 1917ರ ಪಶ್ಚಿಮ ಯೂನಿಟೇರಿಯನ್ ಸಮ್ಮೇಳನದಲ್ಲಿ ಸಂಧಿಸಿದಾಗ, ತಾವಿಬ್ಬರೂ ಸಾರುತ್ತಿರುವುದು ಒಂದೇ ಎಂಬುದು ಅವರಿಗೆ ಅರಿವಾಯಿತು.

1933ರಲ್ಲಿ, ಆರ್ಥಿಕ ಮುಗ್ಗಟ್ಟಿನ ನಡುವೆ, 15 ಅಂಶಗಳ ಮಾನವತಾವಾದಿ ಪ್ರಣಾಳಿಕೆ ಪ್ರಕಟವಾಯಿತು. ರಾಯ್ ವುಡ್ ಸೆಲ್ಲರ್ಸ್ ಅದರ ಕರಡು ಬರೆದರು. ಸಹಿ ಹಾಕಿದ 34 ಮಂದಿಯಲ್ಲಿ ತತ್ತ್ವಜ್ಞಾನಿ ಜಾನ್ ಡ್ಯೂಯಿ ಇದ್ದರು, ಬೋಧಕರೂ ಅನೇಕರಿದ್ದರು. ಲಾಭವನ್ನೇ ಗುರಿಯಾಗಿಸಿಕೊಂಡ ಸಮಾಜವನ್ನು ಅದು ಖಂಡಿಸಿತು. 1941ರಲ್ಲಿ ಅಮೆರಿಕನ್ ಹ್ಯೂಮನಿಸ್ಟ್ ಅಸೋಸಿಯೇಷನ್ ಸ್ಥಾಪನೆಯಾಯಿತು.

ಡೀಟ್ರಿಕ್ ಭಾನುವಾರದ ಕೂಟವನ್ನೂ ಪ್ರಸಂಗವನ್ನೂ ಉಳಿಸಿಕೊಂಡರು. ದೇವರ ಮಾತನ್ನು ಮಾತ್ರ ಬದಿಗಿಟ್ಟರು. ಅವರ ಉತ್ತರವನ್ನು ವಿಶ್ವಾಸಿಗಳು ಒಪ್ಪಲಾರರು. ಆದರೆ ಆ ಚಳವಳಿಯ ಪ್ರಶ್ನೆ ನಮ್ಮ ಮುಂದೆಯೂ ಇದೆ: ನೆರೆಯವನ ಹಸಿವನ್ನು ಕಾಣದ ಆರಾಧನೆ ಯಾರನ್ನು ತಾನೇ ಹಿಡಿದಿಟ್ಟುಕೊಂಡೀತು?