ಆಣೆಯಿಂದ ನಯಾಪೈಸೆಗೆ: ಅನುಪಾತ ತಪ್ಪಿದ ಒಂದು ಕೋಷ್ಟಕ

ಸಂಖ್ಯೆಗಳನ್ನು ಎರಡು ಸಾಲುಗಳಲ್ಲಿ ಜೋಡಿಸಿದ ಮಾತ್ರಕ್ಕೆ ಅವು ಅನುಪಾತದಲ್ಲಿವೆಯೆಂದು ತಿಳಿಯಲಾಗದು. ಮೇಲಿನ ಸಂಖ್ಯೆಯಿಂದ ಕೆಳಗಿನದನ್ನು ಭಾಗಿಸಿದಾಗ ಎಲ್ಲ ಜೊತೆಗಳಲ್ಲಿಯೂ ಒಂದೇ ಲಬ್ಧ ದೊರೆಯಬೇಕು. ಈ ವಿಚಾರ ಕನ್ನಡ ನಾಡಿಗೆ ಹೊಸದಲ್ಲ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ತ್ರೈರಾಶಿಕವನ್ನು ನಿರೂಪಿಸಿದ್ದಾನೆ, ಹನ್ನೆರಡನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ರಚಿಸಿದನು. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸುವ ಈ ಕ್ರಮವು ಲಬ್ಧ ಬದಲಾಗದಿರುವಲ್ಲಿ ಮಾತ್ರ ಸಲ್ಲುತ್ತದೆ.

ಅದು ಸಲ್ಲದ ಕೋಷ್ಟಕವೊಂದು 1957ರ ಏಪ್ರಿಲ್ 1ರಂದು ದೇಶದ ಅಂಗಡಿ ಅಂಗಡಿಗೂ ಬಂದಿತು. ಅಂದಿನಿಂದ 16 ಆಣೆಯ ರೂಪಾಯಿಗೆ 100 ನಯಾಪೈಸೆಗಳಾದವು. ಎಂದರೆ ಆಣೆಗೆ ಆರೂಕಾಲು. ಕಾಲು ನಯಾಪೈಸೆಗೆ ನಾಣ್ಯವಿರಲಿಲ್ಲ. ಆದುದರಿಂದ ಸಮೀಪದ ಪೂರ್ಣಸಂಖ್ಯೆಯನ್ನೂ, ಸರಿಯಾಗಿ ಅರ್ಧ ಬಂದಲ್ಲಿ ಕೆಳಗಿನದನ್ನೂ ಹಿಡಿಯಬೇಕೆಂದು 1955ರ ನಾಣ್ಯ ತಿದ್ದುಪಡಿ ಕಾಯಿದೆ ವಿಧಿಸಿತ್ತು. ಅದರಂತೆ:

ಆಣೆ: 1, 2, 3, 4, 6, 8
ನಯಾಪೈಸೆ: 6, 12, 19, 25, 37, 50

ಮೊದಲೆರಡು ಜೊತೆಗಳ ಲಬ್ಧ 6. ಮೂರನೆಯದರಲ್ಲಿ ಅದು ಆರಕ್ಕೆ ಮೇಲೆ ಮೂರರಲ್ಲೊಂದು ಪಾಲು. ನಾಲ್ಕು, ಎಂಟು, ಹನ್ನೆರಡು, ಹದಿನಾರು ಆಣೆಗಳಲ್ಲಿ ಮಾತ್ರ ನಿಜವಾದ ಆರೂಕಾಲು. ಮೂವರು ಬೇರೆ ಬೇರೆಯಾಗಿ ಒಂದೊಂದು ಆಣೆ ತೆತ್ತರೆ 18 ನಯಾಪೈಸೆ. ಒಬ್ಬನೇ ಮೂರಾಣೆ ತೆತ್ತರೆ 19!

ಇದು ಕೇವಲ ಗಣಿತವಿನೋದವಲ್ಲ. 1835ರಿಂದ 1838ರವರೆಗೆ ಮುಂಬಯಿಯ ಗವರ್ನರನಾಗಿದ್ದ ರಾಬರ್ಟ್ ಗ್ರಾಂಟನ ಹೆಸರು ಹೊತ್ತ ಗ್ರಾಂಟ್ ರೋಡಿನಲ್ಲಿ ನಮ್ಮವರದೊಂದು ಉಪಾಹಾರಗೃಹವಿದ್ದಿತೆಂದೂ, ಅಲ್ಲಿ ಚಹಕ್ಕೆ ಎರಡಾಣೆ ಬೆಲೆಯೆಂದೂ ಭಾವಿಸೋಣ. ಸಾವಿರ ಕಪ್ಪಿಗೆ ಹಳೆಯ ಲೆಕ್ಕದಲ್ಲಿ 125 ರೂಪಾಯಿ. ಒಂದೊಂದಕ್ಕೆ 12 ನಯಾಪೈಸೆಯಂತೆ ಬಂದರೆ 120. ಐದು ರೂಪಾಯಿ ಮಾಲಿಕನಿಗೆ ನಷ್ಟ. ಬೆಲೆಯನ್ನು 13ಕ್ಕೆ ಏರಿಸಿದರೆ 130. ಆ ಐದು ರೂಪಾಯಿ ಗಿರಾಕಿಗಳ ಕಿಸೆಯಿಂದ ಹೋಯಿತು. ಅರ್ಧ ನಯಾಪೈಸೆಯ ಹೊರೆಯನ್ನು ಯಾರಾದರೊಬ್ಬರು ಹೊರಲೇಬೇಕಾಗಿತ್ತು.

1964ರ ಜೂನ್ 1ರಿಂದ ‘ನಯಾ’ ಎಂಬ ವಿಶೇಷಣವೂ ಬಿದ್ದುಹೋಯಿತು. ಆದರೆ ಆ ಕಾಲದ ಜಮಾಖರ್ಚಿನ ಪುಸ್ತಕಗಳಿಂದ ವಲಸೆಗಾರರ ವ್ಯಾಪಾರದ ಚರಿತ್ರೆಯನ್ನು ಬರೆಯಹೊರಡುವವರು ಇದನ್ನು ಮರೆಯಬಾರದು. ಆದಾಯ 125ರಿಂದ 120ಕ್ಕೆ ಇಳಿದುದನ್ನು ಕಂಡು ಗಿರಾಕಿಗಳು ಕಡಿಮೆಯಾದರೆಂದು ಬರೆದರೆ, ನಾಣ್ಯದ ದೋಷವನ್ನು ಮನುಷ್ಯರ ಮೇಲೆ ಹೊರಿಸಿದಂತಾಗುತ್ತದೆ. ಅಂಕಿಗಳಿಂದ ತೀರ್ಮಾನಕ್ಕೆ ಬರುವ ಮೊದಲು ಒಮ್ಮೆ ಭಾಗಿಸಿ ನೋಡುವುದು ಚರಿತ್ರಕಾರನಿಗೂ ಕರ್ತವ್ಯವೇ.