ಮೆನು ಬೆಳೆದಂತೆ ಲೈಟ್ ಬಿಲ್ಲು

ಮುಂಬೈಯ ಉಡುಪಿ ಹೋಟೆಲುಗಳ ಕತೆಯನ್ನು ಗಲ್ಲಾದಲ್ಲಿ ಕೂತವರು ಹೇಳಿದ್ದಾರೆ, ಉಂಡು ಎದ್ದವರೂ ಹೇಳಿದ್ದಾರೆ. ನಾನು ಅದನ್ನು ನೋಡಿದ್ದು ಫ್ರಿಜ್ಜಿನ ಹಿಂಬದಿಯಿಂದ. ಕುಂದಾಪುರ ಕಡೆಯಿಂದ ಬಂದು, ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ಫ್ರಿಜ್ ರಿಪೇರಿ ಕಲಿತವನು ನಾನು.

ಮೊದಮೊದಲು ಈ ಹೋಟೆಲುಗಳಿಗೆ ಫ್ರಿಜ್ಜಿನ ಹಂಗೇ ಇರಲಿಲ್ಲ. ಮಾಟುಂಗಾದ ರಾಮಾಶ್ರಯ 1939ರದ್ದು. ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಸ್ಟೇಷನ್ ಪಕ್ಕದಲ್ಲಿ ಶುರುವಾದದ್ದು 1942ರಲ್ಲಿ. ಆ ಕಾಲದ ಬೋರ್ಡಿಂಗ್ ಊಟದ ಕ್ರಮವೆಂದರೆ ಬೆಳಿಗ್ಗೆ ತರಕಾರಿ ತರುವುದು, ರಾತ್ರಿ ಪಾತ್ರೆ ಖಾಲಿ ಮಾಡುವುದು. ದೋಸೆ ಹಿಟ್ಟನ್ನು ಹದದಲ್ಲಿ ಇಡುತ್ತಿದ್ದದ್ದು ಯಂತ್ರವಲ್ಲ, ಭಟ್ಟರ ಗಡಿಯಾರ. ಮೇ ತಿಂಗಳ ಸೆಕೆಯಲ್ಲಿ ತಡರಾತ್ರಿ ರುಬ್ಬುವುದು, ಮಳೆಗಾಲದಲ್ಲಿ ಸಂಜೆಯೇ ರುಬ್ಬಿಡುವುದು. ಇದಕ್ಕೆ ಒಂದು ಯೂನಿಟ್ಟೂ ಖರ್ಚಾಗುತ್ತಿರಲಿಲ್ಲ. ಭಟ್ಟರ ನಿದ್ದೆ ಖರ್ಚಾಗುತ್ತಿತ್ತು, ಅದನ್ನು ಯಾರೂ ಲೆಕ್ಕ ಹಿಡಿಯಲಿಲ್ಲ.

ಈ ಊರಿಗೆ ಐಸ್ ಬಂದದ್ದು ಮಾತ್ರ ಅದಕ್ಕೂ ನೂರು ವರ್ಷ ಹಿಂದೆ, ಅದೂ ಹಡಗಿನಲ್ಲಿ. ಬೋಸ್ಟನ್ನಿನ ಐಸ್ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್ 1833ರಲ್ಲಿ ಕಲ್ಕತ್ತೆಗೆ ಕಳಿಸಿದ ಮೊದಲ ಹಡಗಿನಲ್ಲಿ 180 ಟನ್ ಐಸ್ ಇತ್ತು. ನಾಲ್ಕು ತಿಂಗಳ ದಾರಿಯಲ್ಲಿ ಕರಗಿ ಉಳಿದದ್ದು ಸುಮಾರು 100 ಟನ್. ಮರುವರ್ಷ ಮುಂಬೈಗೂ ಬಂತು. ಪಾರ್ಸಿ ವ್ಯಾಪಾರಿ ಜಮ್‌ಶೆಟ್‌ಜಿ ಜೀಜೀಭಾಯ್ ಮನೆಯ ಔತಣದಲ್ಲಿ ಐಸ್‌ಕ್ರೀಮ್ ಬಡಿಸಿದರೆ, ಕರೆದವರಿಗೂ ಉಂಡವರಿಗೂ ನೆಗಡಿಯಾಯಿತೆಂದು ಗುಜರಾತಿ ಪತ್ರಿಕೆ ಅಣಕವಾಡಿತಂತೆ. 1843ರಲ್ಲಿ ಫೋರ್ಟಿನಲ್ಲಿ ಗುಮ್ಮಟದ ಐಸ್ ಹೌಸ್ ಕಟ್ಟಿದರು. ಕಲ್ಕತ್ತೆಯ ದಾರಿಯಲ್ಲಿ ಕರಗಿ ಹೋದ ಆ 80 ಟನ್ನನ್ನು ಟ್ಯೂಡರ್ ವ್ಯಾಪಾರದ ಖರ್ಚೆಂದೇ ಹಿಡಿದ. ಅವನು ಮರದ ಹೊಟ್ಟು ತುಂಬಿಸುತ್ತಿದ್ದ, ನಾವು ಬಾಗಿಲಿಗೆ ರಬ್ಬರ್ ಗ್ಯಾಸ್ಕೆಟ್ ಹಾಕುತ್ತೇವೆ. ಇಬ್ಬರ ಕೆಲಸವೂ ಒಂದೇ, ಸೋರುವುದನ್ನು ತಡೆಯುವುದು.

ಮುಂದೆ ಊರಲ್ಲೇ ಐಸ್ ಫ್ಯಾಕ್ಟರಿಗಳಾದವು. ನಾನು ಬಂದಾಗಲೂ ಗೋಣಿ ಸುತ್ತಿದ ಐಸಿನ ಲಾದಿ ಕೈಗಾಡಿಯಲ್ಲಿ ಬರುತ್ತಿತ್ತು. ಸೂಜಿಯಂಥ ಸಲಾಕೆಯಿಂದ ಕುಟ್ಟಿ ಸೋಡಾ ಪೆಟ್ಟಿಗೆಗೆ ಸುರಿಯುತ್ತಿದ್ದೆವು. ಇವತ್ತು ಮಹಾರಾಷ್ಟ್ರದಲ್ಲಿ ತಿನ್ನಲಾಗದ ಐಸಿಗೆ ನೀಲಿ ಬಣ್ಣ ಹಾಕಬೇಕು, 2018ರಿಂದ ಬಂದ ನಿಯಮ. ಆಗ ಮೀನಿನ ಐಸೂ ಶರಬತ್ತಿನ ಐಸೂ ಒಂದೇ ಗಾಡಿಯಲ್ಲಿ ಬರುತ್ತಿದ್ದವು.

ಗೋದ್ರೆಜ್ ಕಂಪನಿ ದೇಶದ ಮೊದಲ ಫ್ರಿಜ್ ಮಾಡಿದ್ದು 1958ರಲ್ಲಿ. ಹೋಟೆಲುಗಳಲ್ಲಿ ಫ್ರಿಜ್ ಮೊದಲು ನಿಂತದ್ದು ಅಡುಗೆಮನೆಯಲ್ಲಲ್ಲ, ಗಲ್ಲಾದ ಪಕ್ಕ, ಗಿರಾಕಿಗೆ ಕಾಣುವ ಹಾಗೆ. ಒಳಗೆ ಹೋದದ್ದು ಮೆನು ಬೆಳೆದ ಮೇಲೆ. ಪಾನಬಂದಿ ಸಡಿಲವಾಗಿ ಶೆಟ್ಟರ ಪರ್ಮಿಟ್ ರೂಮುಗಳು, ಅಂದರೆ ಬಾರುಗಳು, ತೆರೆದಾಗ ಬಿಯರ್ ಕೂಲರ್ ಬಂತು. ಎಂಬತ್ತರ ದಶಕದಲ್ಲಿ ಇಡ್ಲಿ-ವಡೆಯ ಜತೆ ಪಂಜಾಬಿ, ಚೈನೀಸ್, ಪಾವ್‌ಭಾಜಿ ಸೇರಿದವು. ಪನೀರ್, ಬಟಾಣಿ, ಬೆಣ್ಣೆ, ಕೆನೆ, ಐಸ್‌ಕ್ರೀಮ್, ಒಂದೊಂದಕ್ಕೂ ತಂಪಿನ ಜಾಗ ಬೇಕು. ಮೆನು ಬೆಳೆಯಿತು, ಕಿಚನ್ ಬೆಳೆಯಲಿಲ್ಲ. ಮುಂಬೈಯಲ್ಲಿ ಜಾಗದ ಬೆಲೆ ಗೊತ್ತಲ್ಲ. ಟೇಬಲ್ ಹಾಕಬಹುದಾದ ಕಡೆ ಯಾರು ಫ್ರೀಜರ್ ಇಡುತ್ತಾರೆ?

ಹೀಗಾಗಿ ಫ್ರೀಜರ್ ದೋಸೆ ಕಾವಲಿಯ ಪಕ್ಕಕ್ಕೆ ಬಂತು. ಒಳಗೆ ಮೈನಸ್ 18 ಡಿಗ್ರಿ ಬೇಕು, ಹೊರಗೆ 40 ದಾಟಿದ ಝಳ. ಒಳಗಿನ ಕಾವನ್ನು ಹೊತ್ತು ಹೊರಗೆ ಚೆಲ್ಲುವುದೇ ಕಂಪ್ರೆಸರಿನ ಕೆಲಸ. ಹೊರಗೇ ಬೆಂಕಿ ಇದ್ದರೆ ಚೆಲ್ಲುವುದೆಲ್ಲಿಗೆ? ಹಿಂದಿನ ಜಾಲರಿ ತೆಗೆದರೆ ಕಾವು ಚೆಲ್ಲುವ ಕಾಯಿಲ್ ಕಾಣದು. ಹಾರಿದ ಎಣ್ಣೆಯ ಮೇಲೆ ಹಿಟ್ಟಿನ ಧೂಳು ಕೂತು, ಕಂದು ಕಂಬಳಿಯ ಹಾಗೆ ಗಟ್ಟಿಯಾಗಿರುತ್ತದೆ. ಬ್ರಷ್ಷಿಗೆ ಜಗ್ಗದು, ಸೋಡಾ ನೀರಲ್ಲಿ ನೆನೆಸಿ ಕೆರೆಯಬೇಕು. ಅಂಥ ಕಾಯಿಲಿಗೆ ಮೋಟರು ಹಗಲೂ ರಾತ್ರಿ ನಿಲ್ಲದೆ ತಿರುಗುತ್ತದೆ, ಮೀಟರೂ ತಿರುಗುತ್ತದೆ.

"ಮಾರಾಯಾ, ಹೊಸ ಗ್ಯಾಸ್ ಹಾಕಿದರೆ ಬಿಲ್ಲು ಇಳಿಯುತ್ತದಾ?" ಎಂದು ಚೆಂಬೂರಿನ ಒಬ್ಬ ಧಣಿ ಕೇಳಿದರು.

"ಗ್ಯಾಸ್ ಸರಿಯಾಗಿಯೇ ಉಂಟು ಧಣಿ. ಬಿಸಿ ಸಾಂಬಾರಿನ ಪಾತ್ರೆಯನ್ನು ಒಳಗಿಡುವುದು ನಿಲ್ಲಿಸಿ, ಕಾಯಿಲ್ ತಿಂಗಳಿಗೊಮ್ಮೆ ತೊಳೆಸಿ."

ತೊಳೆಸಲಿಲ್ಲ, ಗ್ಯಾಸನ್ನೇ ಹಾಕಿಸಿಕೊಂಡರು. ಖರ್ಚು ಮಾಡಿದರೆ ರಿಪೇರಿ ಆದ ಹಾಗೆ ಅನಿಸುತ್ತದಲ್ಲ.

2005ರ ಜುಲೈ 26ರ ಮಳೆಯಲ್ಲಿ ಕುರ್ಲಾ-ಕಲೀನಾ ಕಡೆ ಕರೆಂಟ್ ದಿನಗಟ್ಟಲೆ ಇರಲಿಲ್ಲ. ನೆಲಕ್ಕೆ ತಾಗಿದ್ದ ಕಂಪ್ರೆಸರುಗಳು ಕೆಸರಲ್ಲಿ ಮುಳುಗಿ ಸುಟ್ಟುಹೋದವು, ಪನೀರು-ಬೆಣ್ಣೆ ಚರಂಡಿ ಸೇರಿತು. ಆಮೇಲೆ ಫ್ರೀಜರಿನ ಅಡಿಗೆ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದವರು ಬಹಳ. ನೀರಿಗೆ ಹೆದರಿ ಎತ್ತಿದರೂ ಅಡಿಯಲ್ಲಿ ಗಾಳಿ ಆಡಿ ಯಂತ್ರಕ್ಕೆ ಉಪಕಾರವೇ ಆಯಿತು.

ಈಗಿನವರು ಕಂಪ್ರೆಸರನ್ನೇ ಹೊರಗಿನ ಛಜ್ಜಾಕ್ಕೆ ಸಾಗಿಸುತ್ತಾರೆ. ಉಪನಗರದ ಹೊಸ ಕಟ್ಟಡಗಳಲ್ಲಿ ಇದು ನಡೆಯುತ್ತದೆ, ಮೇಲಿನ ಮನೆಯವರು ಸದ್ದಿಗೆ ತಕರಾರು ಮಾಡದಿದ್ದರೆ. ಮಾಟುಂಗಾದ ಹಳೆ ಪಗಡಿ (ಹಳೆಯ ಬಾಡಿಗೆ ಪದ್ಧತಿಯ) ಕಟ್ಟಡಗಳಲ್ಲಿ ಒಂದು ಪೈಪಿಗೆ ಗೋಡೆ ಕೊರೆಯಲಿಕ್ಕೂ ಕಟ್ಟಡದ ಮಾಲೀಕರ ಒಪ್ಪಿಗೆ ಬೇಕು. ಕೇಳಿದರೆ ಬಾಡಿಗೆಯ ಮಾತು ಏಳುತ್ತದೆಂದು ಧಣಿಗಳು ಕೇಳುವುದಿಲ್ಲ. ಫ್ರೀಜರ್ ಕಾವಲಿಯ ಪಕ್ಕವೇ ಇದೆ.